ಕಂಪ್ಯೂಟರ್ ಮಂಗಳ ಹಾಡಿತು

ಕಾರ್ಕಳದ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರನ್ನು ಕಣ್ಣಾರೆ ಕಂಡ ಏಕೈಕ ವ್ಯಕ್ತಿ ನಾನಾಗಿದ್ದೆ. ಇದು ಎಂಬತ್ತರ ದಶಕದ ಮಾತು. ನಾನು ಅಲ್ಲಿ ಗಣಿತದ ಮೇಷ್ಟ್ರು. ಬೇಸಿಗೆ ರಜೆಯಲ್ಲಿ ಮಣಿಪಾಲದಲ್ಲಿ ನಡೆದ ತರಬೇತಿಯೊಂದಕ್ಕೆ ಹೋಗಿ, ಚಪ್ಪಲಿ ಹೊರಗೆ ಕಳಚಿಟ್ಟು, ತಣ್ಣನೆಯ ಕೋಣೆಯೊಳಗೆ ಕುಳಿತು, ಆ ಯಂತ್ರದ ಕೀಲಿಗಳನ್ನು ನನ್ನದೇ ಬೆರಳುಗಳಿಂದ ಒತ್ತಿ ಬಂದಿದ್ದೆ. ಬಂದ ಮೇಲೆ ನನ್ನ ನಡಿಗೆಯೇ ಬದಲಾಯಿತು ಎಂದು ಹೆಂಡತಿ ಸುಮತಿ ಈಗಲೂ ಹೇಳುತ್ತಾಳೆ. ಅದು ನಿಜ. ಆದರೆ ಅದಕ್ಕೆ ಕಾರಣ ಹೊಸ ಚಪ್ಪಲಿ. ಹಳೆಯದನ್ನು ತಣ್ಣನೆಯ ಕೋಣೆಯ ಹೊರಗಿನಿಂದ ಯಾರೋ ಮೆಟ್ಟಿಕೊಂಡು ಹೋಗಿದ್ದರು!

ಕಾಲೇಜು ಬಾಗಿಲು ತೆರೆದ ಮೇಲೆ ಪ್ರಿನ್ಸಿಪಾಲರು ನನ್ನನ್ನು ಕೋಣೆಗೆ ಕರೆಸಿ, ಬಾಗಿಲು ಹಾಕಿಸಿ, ಧ್ವನಿ ತಗ್ಗಿಸಿದರು.

"ನೋಡಿ, ಈ ಸಲದ ಕಾಲೇಜು ಡೇಗೆ ಬೊಂಬಾಯಿ ಶೆಟ್ರು ಬರ್ತಾರೆ."

ಬೊಂಬಾಯಿ ಶೆಟ್ರು ಮೂಲತಃ ಕಾಪುವಿನವರು. ಬೊಂಬಾಯಿಯಲ್ಲಿ ಹೋಟೆಲುಗಳನ್ನು ನಡೆಸುತ್ತಿದ್ದರು. ಊರಿನ ಯಾವ ಕಾರ್ಯಕ್ರಮಕ್ಕೆ ಬಂದರೂ ಬರಿಗೈಯಲ್ಲಿ ಬರುವವರಲ್ಲ, ವೇದಿಕೆಯ ಮೇಲೆ ನಿಂತು ಏನಾದರೊಂದು ಕೊಡುಗೆ ಘೋಷಿಸಿಯೇ ಇಳಿಯುವವರು ಎಂದು ಪ್ರಸಿದ್ಧರು.

"ಅವರಿಂದ ಕಾಲೇಜಿಗೆ ಕಂಪ್ಯೂಟರ್ ಕೇಳುವಾ ಅಂತ ಉಂಟು," ಎಂದರು ಪ್ರಿನ್ಸಿಪಾಲರು. "ಆದ್ರೆ ಅವರು ಅದನ್ನು ನೋಡಿದವರಲ್ಲ. ನೀವು ಸಭೆಯಲ್ಲಿ ಒಮ್ಮೆ ನಡೆಸಿ ತೋರಿಸ್ಬೇಕು. ಅವರಿಗೆ ಖುಷಿ ಆದ್ರೆ ಅಲ್ಲೇ ಘೋಷಣೆ. ಘೋಷಣೆ ಆದ್ರೆ ಕಂಪ್ಯೂಟರ್ ವಿಭಾಗಕ್ಕೆ ನೀವೇ ಮುಖ್ಯಸ್ಥರು!"

ಮುಖ್ಯಸ್ಥ! ಆ ಒಂದು ಪದ ನನ್ನ ತಲೆಗೆ ಏರಿತು. ವರ್ಷಗಟ್ಟಲೆ ಲಾಗರಿದಮ್ಮು ಕಲಿಸಿ ಕಲಿಸಿ, ಸೀಮೆಸುಣ್ಣದ ಪುಡಿಯಲ್ಲಿ ಸೀನಿ ಸೀನಿ ಬೇಸತ್ತಿದ್ದ ನನಗೆ ಆಗಲೇ ಕಿಟಕಿಗೆ ಪರದೆ, ತಲೆಯ ಮೇಲೆ ಫ್ಯಾನು, ಬಾಗಿಲಲ್ಲಿ ಹೆಸರಿನ ಫಲಕ ಇರುವ ಒಂದು ಕೋಣೆ ಕಾಣತೊಡಗಿತು. ಒಳಗೆ ಬರುವವರು ಚಪ್ಪಲಿ ಹೊರಗಿಡಬೇಕು. ಅದನ್ನು ಕಾಯಲು ಒಬ್ಬ ಪ್ಯೂನ್ ಕೂಡ ಇರಬೇಕು. ಆ ವಿಷಯದಲ್ಲಿ ನನಗೆ ಅನುಭವವಿತ್ತಲ್ಲ.

ಯಂತ್ರವನ್ನು ಪ್ರಿನ್ಸಿಪಾಲರೇ ಒದಗಿಸಿದರು. ಅವರ ಭಾವ ಕುವೈಟಿನಿಂದ ತಂದದ್ದು. ನೋಡಲು ಬರೀ ಒಂದು ಕೀಲಿಮಣೆ. ಪರದೆಯಾಗಿ ಟಿವಿಯನ್ನು ಜೋಡಿಸಬೇಕು. ಬರೆದ ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ತುಂಬಿಸಿಡಬೇಕು. ಎರಡೂ ನಮ್ಮ ಬೀದಿಯಲ್ಲಿ ಇದ್ದದ್ದು ಒಬ್ಬರ ಮನೆಯಲ್ಲಿ ಮಾತ್ರ. ಅವರು ನಮ್ಮ ನೆರೆಯ ಶೇಖರಣ್ಣ, ದುಬಾಯಿ ಬಿಟ್ಟು ಬಂದು ಊರಲ್ಲೇ ನೆಲೆಸಿದವರು.

"ಟಿವಿ ಕೊಡ್ತೇನೆ ಮಾಷ್ಟ್ರೆ, ಅದಕ್ಕೆಂತ. ಆದ್ರೆ ಅದು ಎಲ್ಲಿ ಹೋಗ್ತದೋ ಅಲ್ಲಿ ನಾನೂ ಬರ್ತೇನೆ," ಎಂದು ಷರತ್ತು ಹಾಕಿದರು. ಅಂದಿನಿಂದ ಟಿವಿ ನಮ್ಮ ಜಗಲಿಗೆ ಬಂತು. ಶೇಖರಣ್ಣನೂ ಬಂದರು. ಟಿವಿಗೆ ಒಂದು ಮೇಜು ಸಾಕಾಯಿತು. ಶೇಖರಣ್ಣನಿಗೆ ಕುರ್ಚಿ, ಚಹಾ, ಸಂಜೆಯ ತಿಂಡಿ ಎಲ್ಲವೂ ಬೇಕಾಯಿತು.

ಶೆಟ್ರು ಹುಟ್ಟಿದ ತಾರೀಖನ್ನು ಒತ್ತಿದರೆ ಅವರು ಹುಟ್ಟಿದ ವಾರವನ್ನು ಯಂತ್ರ ಹೇಳಬೇಕು. ಇದು ನನ್ನ ಯೋಜನೆ. ಗಣಿತ ಸುಲಭ. ಕಷ್ಟವಿದ್ದದ್ದು ಸಭಾಂಗಣದಲ್ಲಿ. ಅಷ್ಟು ದೊಡ್ಡ ಸಭೆಗೆ ಅಷ್ಟು ಚಿಕ್ಕ ಟಿವಿಯ ಅಕ್ಷರ ಕಾಣುವುದು ಹೇಗೆ? ಮುಂದಿನ ಸಾಲಿನವರಿಗೇ ಕಾಣದು. ಸಭೆಗೆ ಏನೂ ತಿಳಿಯದಿದ್ದರೆ ಚಪ್ಪಾಳೆ ಇಲ್ಲ. ಚಪ್ಪಾಳೆ ಇಲ್ಲದಿದ್ದರೆ ಶೆಟ್ರಿಗೆ ಖುಷಿ ಇಲ್ಲ. ಶೆಟ್ರಿಗೆ ಖುಷಿ ಇಲ್ಲದಿದ್ದರೆ ನನಗೆ ಪುನಃ ಲಾಗರಿದಮ್ಮು!

ಪರಿಹಾರ ಹೊಳೆದದ್ದು ಉಡುಪಿಗೆ ಹೋಗುವ ಬಸ್ಸಿನಲ್ಲಿ. ಕಂಡಕ್ಟರ್ ಹಿಂದಿನ ಮೆಟ್ಟಿಲಲ್ಲಿ ನೇತಾಡುತ್ತಾ ಸೀಟಿ ಊದುತ್ತಿದ್ದ. ಒಂದು ಊದಿದರೆ ಬಸ್ಸು ನಿಲ್ಲುತ್ತಿತ್ತು, ಎರಡು ಊದಿದರೆ ಹೊರಡುತ್ತಿತ್ತು, ಉದ್ದಕ್ಕೆ ಊದಿದರೆ ಹಿಂದಿನಿಂದ ಬೇರೆ ಕಂಪನಿಯ ಬಸ್ಸು ಬರುತ್ತಿದೆ, ಜೋರಾಗಿ ಬಿಡು ಎಂದು ಅರ್ಥ. ಡ್ರೈವರ್ ಒಮ್ಮೆಯೂ ತಿರುಗಿ ನೋಡಲಿಲ್ಲ. ನನಗೆ ಸೀಟಿನಲ್ಲೇ ರೋಮಾಂಚನವಾಯಿತು. ಕಂಪ್ಯೂಟರ್ ಕೂಡ ಹೀಗೆಯೇ ಮಾತನಾಡಬಾರದೇಕೆ? ಪರದೆ ನೋಡುವುದೇ ಬೇಡ. ಯಂತ್ರ ಸಂಗೀತದಲ್ಲಿ ಸುದ್ದಿ ಹೇಳಲಿ, ಸಭೆ ಕಿವಿಯಿಂದ ತಿಳಿದುಕೊಳ್ಳಲಿ! ಜಗತ್ತಿನಲ್ಲಿ ಇದನ್ನು ಮೊದಲು ಯೋಚಿಸಿದವನು ನಾನೇ ಎಂದು ಹಿರಿಯಡ್ಕ ದಾಟುವಾಗ ನನಗೆ ಖಚಿತವಾಯಿತು.

ಸಂಗೀತಕ್ಕೆ ನಾನು ಬಹಳ ದೂರ ಹೋಗಬೇಕಾಗಿರಲಿಲ್ಲ. ಸುಮತಿ ಉಡುಪಿಯವಳು, ಚೆನ್ನಾಗಿ ಸಂಗೀತ ಕಲಿತವಳು. ಬಾಡಿಗೆ ಮನೆಯ ಜಗಲಿಯಲ್ಲಿ ನೆರೆಹೊರೆಯ ಹುಡುಗಿಯರಿಗೆ ಪಾಠ ಹೇಳುತ್ತಿದ್ದಳು. ಅವಳ ಹಾರ್ಮೋನಿಯಮ್ಮಿನ ಕೀಲಿಗಳಲ್ಲಿ ಒಂದು ಮನೆ ಒತ್ತಿದರೆ ಮೇಲೆ ಬರುತ್ತಿರಲಿಲ್ಲ. ಮಹಡಿಯ ಮೇಲಿದ್ದ ಮನೆ ಯಜಮಾನರು ಮಾತ್ರ ಹುಡುಗಿಯರು "ಸ" ಎನ್ನುವಷ್ಟರಲ್ಲೇ ಕೆಮ್ಮುತ್ತಾ ಕೆಳಗೆ ಬರುತ್ತಿದ್ದರು. ಪಾಠಕ್ಕೊಂದು ಬೇರೆ ಕೋಣೆ ಬೇಕೆಂಬುದು ಅವಳ ಬಹುದಿನದ ಆಸೆ. "ನಾನು ಮುಖ್ಯಸ್ಥನಾದ ಮೇಲೆ ನೋಡುವಾ," ಎಂದು ನಾನು ಉದಾರವಾಗಿ ಭರವಸೆ ಕೊಟ್ಟಿದ್ದೆ.

"ಮೂರು ಸಂಗತಿ ಹೇಳಬೇಕು," ಎಂದು ನಾನು ಅವಳನ್ನು ಕೂರಿಸಿ ವಿವರಿಸಿದೆ. "ಒಂದು, ನಾನು ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ. ಎರಡು, ನೀವು ಒತ್ತಿದ್ದು ತಪ್ಪು. ಮೂರು, ಕೆಲಸ ಮುಗಿಯಿತು."

"ಯಾರು ಹೇಳುವುದು? ನೀವಾ?"

"ಕಂಪ್ಯೂಟರ್!"

ಅವಳು ಹಾರ್ಮೋನಿಯಮ್ಮನ್ನು ಹತ್ತಿರಕ್ಕೆ ಎಳೆದುಕೊಂಡಳು. "ಕಾಯುವುದಕ್ಕಾದ್ರೆ ಸ ರಿ ಗ ಮ ಪ ದ ನಿ ಅಂತ ಹೋಗಿ ನಿಷಾದದಲ್ಲಿ ನಿಲ್ಲಿಸಿ. ಮೇಲಿನ ಸ ಬಾರದೆ ಕೇಳುವವರಿಗೆ ಸಮಾಧಾನ ಇಲ್ಲ."

ಬಲು ಸೊಗಸು! ತಪ್ಪಿಗೆ ನಾನೇ ಉಪಾಯ ಹೇಳಿದೆ. ಯಕ್ಷಗಾನದಲ್ಲಿ ರಾಕ್ಷಸ ಬರುವಾಗ ಚೆಂಡೆ ಬಾರಿಸುತ್ತಾರಲ್ಲ, ಅದು. ಕೇಳಿದ ಕೂಡಲೇ ನಮ್ಮ ಊರಿನ ಯಾರಿಗಾದರೂ ಏನೋ ಅನಾಹುತ ಬರುತ್ತಿದೆ ಎಂದು ತಿಳಿಯುತ್ತದೆ.

"ಇನ್ನು ಕೆಲಸ ಮುಗಿಯಿತು ಎನ್ನಲು? ನಿಮ್ಮ ಸಂಗೀತದಲ್ಲಿ ಮುಗಿಯಿತು ಎಂದು ಹೇಗೆ ಹೇಳುತ್ತೀರಿ?"

"ಎಂತ ಕೇಳ್ತೀರಿ? ಮಂಗಳ ಹಾಡ್ತೇವೆ."

"ಅದೇ ಇರಲಿ!"

ಅವಳ ಹುಬ್ಬು ಗಂಟಾಯಿತು. "ಬೇಡ ಮಾರಾಯ್ರೆ. ಅದು ಕಂಡಕಂಡಲ್ಲಿ ಹಾಕುವಂಥದ್ದಲ್ಲ. ಮಂಗಳ ಆದ್ರೆ ಆಯ್ತು, ಮತ್ತೆ ಎಂತದೂ ಇಲ್ಲ."

"ಅದೇ ಬೇಕಾದದ್ದು ಮಾರಾಯ್ತಿ! ಕೆಲಸ ಆಯಿತು, ಮತ್ತೆ ಎಂತದೂ ಇಲ್ಲ! ಇದಕ್ಕಿಂತ ಸ್ಪಷ್ಟ ಬೇರೆ ಯಾವುದುಂಟು?"

"ನಿಮಗೆ ಹೇಳಿ ಪ್ರಯೋಜನ ಇಲ್ಲ," ಎಂದು ಅವಳು ಮಂಗಳ ಹಾಡುವ ರಾಗ ಮಧ್ಯಮಾವತಿಯ ಸ್ವರಗಳನ್ನು ಹೇಳಿಕೊಟ್ಟಳು. ನಾನು ಒಂದೊಂದು ಸ್ವರಕ್ಕೂ ಒಂದೊಂದು ಸಂಖ್ಯೆ ಲೆಕ್ಕ ಹಾಕಿ ಯಂತ್ರಕ್ಕೆ ಉಣಿಸಿದೆ. ಮೊದಲ ಸಲ ಅದು ಹಾಡಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಅವಳ ಕಣ್ಣಲ್ಲೂ ಬಂತು, ಬೇರೆ ಕಾರಣಕ್ಕೆ.

"ನಿಮ್ಮ ಯಂತ್ರಕ್ಕೆ ಶೀತ ಆಗಿದೆಯಾ?"

ಯಂತ್ರಕ್ಕೆ ಗಮಕ ಬರುವುದಿಲ್ಲ, ಒಂದು ಸಲಕ್ಕೆ ಒಂದೇ ಸ್ವರ, ಅದೂ ಮೂಗಿನಿಂದ ಎಂದು ನಾನು ವೈಜ್ಞಾನಿಕವಾಗಿ ವಿವರಿಸಿದೆ. ಅವಳು ಕೇಳಲಿಲ್ಲ. ಪಕ್ಕದಲ್ಲೇ ಕುಳಿತು ಈ ಸ್ವರ ಸ್ವಲ್ಪ ಏರಲಿ, ಆ ಸ್ವರ ಉದ್ದ ನಿಲ್ಲಲಿ, ಇಲ್ಲಿ ಉಸಿರು ಬಿಡಲಿ ಎಂದು ಯಂತ್ರಕ್ಕೂ ನನಗೂ ಒಟ್ಟಿಗೆ ಪಾಠ ಹೇಳಿದಳು. ಕೊನೆಗೆ ಅದು ಮಂಗಳವೆಂದು ಯಾರಿಗಾದರೂ ಗುರುತು ಸಿಗುವ ಮಟ್ಟಕ್ಕೆ ಬಂತು. ಶೀತ ಮಾತ್ರ ಹೋಗಲಿಲ್ಲ.

ಇನ್ನು ಪ್ರಯೋಗ. ಶೇಖರಣ್ಣ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತು ದುಬಾಯಿಯ ಸೆಕೆಯ ವಿಷಯ ಹೇಳುತ್ತಿದ್ದರು. ಅವರು ಒಮ್ಮೆ ದುಬಾಯಿಗೆ ಹೋದರೆ ಊಟದ ಹೊತ್ತಿನವರೆಗೆ ಹಿಂತಿರುಗುವವರಲ್ಲ. ನಾನು ನನ್ನ ಹುಟ್ಟಿದ ತಾರೀಖು ಒತ್ತಿದೆ. ಯಂತ್ರ ವಾರ ತೋರಿಸಿ ಮಂಗಳ ಹಾಡಿತು. ಶೇಖರಣ್ಣನ ಮಾತು ತಾನಾಗಿ ನಿಂತಿತು. ಅವರು ಎದ್ದರು. ಕೈ ಎರಡೂ ಜೋಡಿಸಿಕೊಂಡವು. ನಿಂತಲ್ಲೇ ಒಂದು ಸುತ್ತು ತಿರುಗಿದರು.

"ಹಾಗಾದ್ರೆ ಬರ್ತೇನೆ ಮಾಷ್ಟ್ರೆ," ಎಂದವರೇ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು! ಚಹಾ ಅರ್ಧ ಲೋಟ ಉಳಿದಿತ್ತು.

ಮರುದಿನವೂ ಹಾಗೆಯೇ ಆಯಿತು. ಕೆಮ್ಮುತ್ತಾ ಇಳಿದು ಬಂದ ಮನೆ ಯಜಮಾನರ ಮೇಲೂ ಪ್ರಯೋಗಿಸಿದೆ. ಅವರು ದೂರು ಮರೆತು, ಕಣ್ಣು ಮುಚ್ಚಿ ಕೈಮುಗಿದು, ಮೆಟ್ಟಿಲು ಹತ್ತಿ ಹೋದರು. ನಾನು ಕುಣಿದಾಡಿದೆ. "ನೋಡಿದ್ಯಾ! ಪರದೆಯನ್ನು ನೋಡದೆಯೇ ಎಲ್ಲರಿಗೂ ಅರ್ಥವಾಗುತ್ತದೆ! ನೂರಕ್ಕೆ ನೂರು!"

"ಎಂತ ಅರ್ಥ ಆಗ್ತದೆ ಅಂತ ನೋಡಿದ್ರಾ?" ಎಂದು ಸುಮತಿ ಕೇಳಿದಳು.

ನಾನು ನೋಡಿರಲಿಲ್ಲ. ಯಶಸ್ಸು ಸಿಕ್ಕಿದ ವಿಜ್ಞಾನಿಗೆ ಅಷ್ಟು ವ್ಯವಧಾನ ಎಲ್ಲಿ?

ಕಾಲೇಜು ಡೇಯ ದಿನ ಟಿವಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಅದರ ಪಕ್ಕದಲ್ಲಿ ಶೇಖರಣ್ಣ ಅದರ ಹೆಗಲ ಮೇಲೆ ಕೈ ಹಾಕಿ ಕುಳಿತರು. ಸುಮತಿಯೂ ನಾನೂ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಒತ್ತಿಕೊಂಡು ಸುಧಾರಿಸಿಕೊಂಡೆವು. ವೇದಿಕೆಯ ಮೇಲೂ ಶೇಖರಣ್ಣ ಟಿವಿಯನ್ನು ಬಿಡಲಿಲ್ಲ. ಹಾಗಾಗಿ ಗಣ್ಯರ ಸಾಲಿನಲ್ಲಿ ಶೆಟ್ರು, ಪ್ರಿನ್ಸಿಪಾಲರು, ಟಿವಿ, ಶೇಖರಣ್ಣ ಹೀಗೆ ಆಸೀನರಾದರು. ಸ್ವಾಗತ ಭಾಷಣ ಮಾಡಿದವರು ಗೊಂದಲಕ್ಕೆ ಬಿದ್ದು ಶೇಖರಣ್ಣನಿಗೂ ಒಂದು ಹೂವು ಕೊಟ್ಟರು.

ಸಭಾಂಗಣ ತುಂಬಿತ್ತು. ಮಕ್ಕಳ ಬಹುಮಾನ ನೋಡಲು ತಂದೆ ತಾಯಿ, ಅಜ್ಜ ಅಜ್ಜಿಯಂದಿರೆಲ್ಲ ಬಂದಿದ್ದರು. ಹಿಂದಿನ ಅಂಗಳದಿಂದ ಗೋಳಿಬಜೆ ಕರಿಯುವ ಪರಿಮಳ ಬರುತ್ತಿತ್ತು. ಬಹುಮಾನ ಹಂಚಿ ಆಯಿತು. ಇನ್ನು ನನ್ನ ಪ್ರದರ್ಶನ, ಆಮೇಲೆ ಶೆಟ್ರ ಭಾಷಣ, ಅದರಲ್ಲಿ ಘೋಷಣೆ ಎಂದು ಕ್ರಮ. ಪ್ರಿನ್ಸಿಪಾಲರು ನನ್ನ ಕಿವಿಯಲ್ಲಿ, "ಶೆಟ್ರು ಒಳ್ಳೆ ಮನಸ್ಸಿನಲ್ಲಿದ್ದಾರೆ. ಹಾಳು ಮಾಡಬೇಡಿ," ಎಂದು ಪಿಸುಗುಟ್ಟಿ, ಶೆಟ್ರಿಗೆ ಹೊದೆಸುವ ಶಾಲು ತರಲು ಪಕ್ಕದ ಕೋಣೆಗೆ ಹೋದರು.

ನಾನು ಎದ್ದು ನಿಂತೆ. "ಮಾನ್ಯರೇ! ಇಂದು ನೀವು ಕಾಣಲಿರುವುದು, ಅಲ್ಲ, ಕೇಳಲಿರುವುದು, ವಿಜ್ಞಾನ ಮತ್ತು ಸಂಗೀತದ ಅಪೂರ್ವ ಸಂಗಮ!" ಎಂದು ಘೋಷಿಸಿ, ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ, ಗುಂಡಿ ಒತ್ತಿದೆ. ಮೈಕು ಪಕ್ಕದಲ್ಲೇ ಇತ್ತು.

ಕ್ಯಾಸೆಟ್ ಶೇಖರಣ್ಣನದು ಎಂದು ಹೇಳಿದೆನೇ? ಅದರ ಒಂದು ಬದಿಯಲ್ಲಿ ನನ್ನ ಪ್ರೋಗ್ರಾಮಿತ್ತು. ಇನ್ನೊಂದು ಬದಿಯಲ್ಲಿ, ಅವರು ದುಬಾಯಿಯಲ್ಲಿದ್ದಾಗ ಪತ್ರದ ಬದಲು ಮಾತನಾಡಿ ಹೆಂಡತಿಗೆ ಕಳುಹಿಸುತ್ತಿದ್ದ ಕ್ಷೇಮ ಸಮಾಚಾರವಿತ್ತು. ನಾನು ಹಾಕಿದ್ದು ಆ ಇನ್ನೊಂದು ಬದಿಯನ್ನು.

"ಗಿರಿಜಾ," ಎಂದು ಶೇಖರಣ್ಣನ ಧ್ವನಿ ಸಭಾಂಗಣದ ತುಂಬ ಮೊಳಗಿತು. "ನಿನ್ನ ಅಮ್ಮ ಇನ್ನೂ ಹೋಗಿಲ್ವಾ? ನಾನು ಊರಿಗೆ ಬರುವ ಮೊದಲು ಹೇಗಾದ್ರೂ ಮಾಡಿ ಅವರನ್ನು ಅವರ ಮನೆಗೆ ಕಳಿಸು ಮಾರಾಯ್ತಿ!"

ಮೂಲದಲ್ಲಿ ಇದು ಶುದ್ಧ ತುಳುವಿನಲ್ಲಿದ್ದುದರಿಂದ ಸಭೆಯಲ್ಲಿ ಅರ್ಥವಾಗದವರು ಯಾರೂ ಇರಲಿಲ್ಲ. ಮುಂದಿನ ಸಾಲಿನಲ್ಲಿ, ಮೊಮ್ಮಗಳ ಬಹುಮಾನ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಗಿರಿಜಕ್ಕನ ಅಮ್ಮನಿಗಂತೂ ಚೆನ್ನಾಗಿಯೇ ಅರ್ಥವಾಯಿತು. ಅವರು ಅಳಿಯನನ್ನು ನೋಡಿದರು. ಅಳಿಯ ಟಿವಿಯ ಹಿಂದೆ ಹೋದರು.

ನಾನು ಬೆವರುತ್ತಾ ಕ್ಯಾಸೆಟ್ ಮಗುಚಿ ಹಾಕಿದೆ. ಪ್ರೋಗ್ರಾಮು ಕಿರ್ರೋ ಎಂದು ಕಿರುಚುತ್ತಾ ಯಂತ್ರದೊಳಗೆ ಇಳಿಯಿತು. ಹಿಂದಿನ ಸಾಲುಗಳಲ್ಲಿ ಕೈಗೂಸುಗಳು ಅಳತೊಡಗಿದವು. ಕೊನೆಗೂ ಪರದೆಯಲ್ಲಿ ಅಕ್ಷರ ಮೂಡಿ ಯಂತ್ರ ಹಾಡಿತು: ಸ ರಿ ಗ ಮ ಪ ದ ನಿ...

"ಈಗ ಅದು ತಮ್ಮ ಜನ್ಮದಿನಕ್ಕಾಗಿ ಕಾಯುತ್ತಿದೆ," ಎಂದು ನಾನು ಶೆಟ್ರಿಗೆ ವಿನಯದಿಂದ ತಿಳಿಸಿದೆ.

ಶೆಟ್ರು ಕನ್ನಡಕ ಹುಡುಕಿದರು. ಎಡಗಡೆಯ ಕಿಸೆಯಲ್ಲಿ ಇಲ್ಲ. ಬಲಗಡೆಯ ಕಿಸೆಯಲ್ಲಿ ಇಲ್ಲ. ಯಂತ್ರ ಪುನಃ ಕೇಳಿತು: ಸ ರಿ ಗ ಮ ಪ ದ ನಿ... ಶೆಟ್ರು ಚೀಲ ಬಿಚ್ಚಿದರು. ಸ ರಿ ಗ ಮ ಪ ದ ನಿ... ಸಭೆಯಲ್ಲಿ ಜನ ಕುಳಿತಲ್ಲೇ ಮಿಸುಕಾಡತೊಡಗಿದರು. ಸುಮತಿ ಹೇಳಿದ್ದು ನಿಜ. ಆ ನಿಷಾದ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಾಗಿತ್ತು. ಕೊನೆಗೆ ಮೂರನೆಯ ಸಾಲಿನ ಒಬ್ಬ ಅಜ್ಜ ತಡೆಯಲಾರದೆ ದೊಡ್ಡ ಸ್ವರದಲ್ಲಿ "ಸಾ..." ಎಂದು ಹಾಡಿಯೇಬಿಟ್ಟರು. ಮುಂದಿನ ಸಲ ಇಡೀ ಸಭೆಯೇ "ಸಾ..." ಎಂದಿತು! ನಾನು ಹಿಗ್ಗಿದೆ. ಯಂತ್ರಕ್ಕೂ ಜನರಿಗೂ ಸಂವಾದ ಏರ್ಪಟ್ಟಿತ್ತಲ್ಲ!

ಕನ್ನಡಕ ಶೆಟ್ರ ಹಣೆಯ ಮೇಲೆಯೇ ಇತ್ತು. ಅದನ್ನು ಕೆಳಗಿಳಿಸಿ, ಹೋಟೆಲಿನಲ್ಲಿ ಮಾಣಿಯನ್ನು ಕರೆಯುವ ಗಂಟೆ ಒತ್ತುವ ಹಾಗೆ ಹೆಬ್ಬೆರಳಿನಿಂದ ಅದುಮಿದರು. ಒಟ್ಟಿಗೇ ಎರಡು ಮೂರು ಕೀಲಿಗಳು ಬಿದ್ದವು. ಯಂತ್ರಕ್ಕೆ ಸಿಟ್ಟು ಬಂತು. ರಾಕ್ಷಸನ ಚೆಂಡೆ!

ಸಭೆಯ ತಲೆಗಳೆಲ್ಲ ಸರಕ್ಕನೆ ವೇದಿಕೆಯ ಬದಿಯ ಪರದೆಯ ಕಡೆಗೆ ತಿರುಗಿದವು. ಚೆಂಡೆ ಹಾಗೆ ಬಾರಿಸಿದ ಮೇಲೆ ಅಲ್ಲಿಂದ ಯಾರಾದರೂ ಬರಲೇಬೇಕು. ಬಂದರು! ಪ್ರಿನ್ಸಿಪಾಲರು. ಸೆಕೆಗೆ ಮುಖ ಕೆಂಪಾಗಿತ್ತು, ಭುಜದ ಮೇಲೆ ಕೆಂಪು ಶಾಲು ಇತ್ತು, ಎರಡೂ ಕೈಗಳಿಂದ ಪರದೆಯನ್ನು ಸರಿಸಿ ಹಿಡಿದು ತಲೆ ಹೊರಗೆ ಹಾಕಿದರು. ಹಿಂದಿನ ಬೆಂಚಿನ ಹುಡುಗರ ಸಿಳ್ಳೆ, ಚಪ್ಪಾಳೆಗೆ ಸೂರು ಹಾರಿಹೋಗುವುದೊಂದು ಬಾಕಿ. ಒಂದು ಮಗು ಚೀರಿ ಅಮ್ಮನ ಸೆರಗಿನೊಳಗೆ ಹೊಕ್ಕಿತು. ಪ್ರಿನ್ಸಿಪಾಲರು ಏನೂ ತಿಳಿಯದೆ, ಚಪ್ಪಾಳೆ ತಮಗೆ ಇರಬೇಕೆಂದು ನಮಸ್ಕಾರ ಮಾಡಿದರು.

ನಾನು ಶೆಟ್ರ ಬೆರಳು ಹಿಡಿದು, ಒಂದೊಂದೇ ಕೀಲಿ ತೋರಿಸಿ, ಅಂತೂ ತಾರೀಖು ಒತ್ತಿಸಿದೆ. ಯಂತ್ರ ಕ್ಷಣ ಹೊತ್ತು ಯೋಚಿಸಿತು. ಪರದೆಯಲ್ಲಿ "ಗುರುವಾರ" ಎಂಬುದರ ಇಂಗ್ಲಿಷು ಮೂಡಿತು.

"ಹೌದು ಮಾರಾಯ್ರೆ! ಗುರುವಾರವೇ! ನಮ್ಮ ಅಮ್ಮ ಹೇಳ್ತಿದ್ರು!" ಎಂದು ಶೆಟ್ರು ಕುರ್ಚಿಯಲ್ಲಿ ಮಗುವಿನ ಹಾಗೆ ಹಾರಿದರು. ಅವರ ಮುಖದಲ್ಲಿ ಕಂಪ್ಯೂಟರುಗಳೇ ಹೊಳೆಯುತ್ತಿದ್ದವು. ಪ್ರಿನ್ಸಿಪಾಲರು ನನ್ನತ್ತ ನೋಡಿ ತಲೆಯಾಡಿಸಿದರು. ಫಲಕ, ಫ್ಯಾನು, ಪರದೆ, ಪ್ಯೂನ್ ಎಲ್ಲವೂ ಕೈಗೆಟುಕುವಷ್ಟು ಹತ್ತಿರ ಬಂದವು. ಅಷ್ಟರಲ್ಲಿ ಯಂತ್ರ ತನ್ನ ಕೆಲಸ ಮುಗಿಯಿತೆಂದು ಸಭೆಗೆ ತಿಳಿಸಿತು.

ಮಧ್ಯಮಾವತಿಯಲ್ಲಿ. ಮೂಗಿನಿಂದ. ಮೈಕಿನಲ್ಲಿ.

ಮೊದಲು ಎದ್ದವರು "ಸಾ" ಹಾಡಿದ ಅಜ್ಜ. ಅವರ ಹಿಂದೆ ಆ ಸಾಲು, ಅದರ ಹಿಂದಿನ ಸಾಲು, ಆಮೇಲೆ ಇಡೀ ಸಭೆ. ಎಲ್ಲರ ಕೈಗಳೂ ಜೋಡಿಸಿಕೊಂಡಿದ್ದವು. ನಿಂತಲ್ಲೇ ಒಂದು ಸುತ್ತು ಬಂದರು. ಶನಿವಾರದ ಭಜನೆಯಲ್ಲಿ ಬಾಲ್ಯದಿಂದ ಮಾಡಿ ಮಾಡಿ ಮೈಗೆ ಹತ್ತಿದ್ದನ್ನು ಮೈ ತಾನೇ ಮಾಡಿತು. ಸುತ್ತು ಬಂದವರು ಬಾಗಿಲಿನ ಕಡೆಗೆ ತಿರುಗಿದರು. ಮಂಗಳದ ನಂತರ ಪ್ರಸಾದ. ಪ್ರಸಾದದ ದಿಕ್ಕಿನಿಂದ ಗೋಳಿಬಜೆಯ ಪರಿಮಳವೂ ಬರುತ್ತಿತ್ತು!

"ಕುಳಿತುಕೊಳ್ಳಿ! ದಯವಿಟ್ಟು ಕುಳಿತುಕೊಳ್ಳಿ! ಮುಖ್ಯ ಅತಿಥಿಗಳ ಭಾಷಣ ಉಂಟು!" ಎಂದು ಪ್ರಿನ್ಸಿಪಾಲರು ಕೂಗಿದರು. ಯಾರು ಕೇಳಬೇಕು? ಮಂಗಳ ಒಮ್ಮೆಗೆ ಮುಗಿದಿದ್ದರೆ ಅರ್ಧ ಜನರಾದರೂ ಉಳಿಯುತ್ತಿದ್ದರೇನೋ. ಆದರೆ ಯಾರಾದರೂ ಕೀಲಿ ಒತ್ತುವವರೆಗೆ ಹಾಡುತ್ತಲೇ ಇರು ಎಂದು ನಾನು ಅದಕ್ಕೆ ಆಜ್ಞೆ ಕೊಟ್ಟಿದ್ದೆ. ಸಾಧನೆಯ ಸಂತೋಷ ಸ್ವಲ್ಪ ಉದ್ದವಿರಲಿ ಎಂದು! ನಾನು ಓಡಿ ಹೋಗಿ ಕೈಗೆ ಸಿಕ್ಕಿದ ಕೀಲಿ ಒತ್ತಿದೆ. ಅದು ತಪ್ಪು ಕೀಲಿ. ರಾಕ್ಷಸನ ಚೆಂಡೆ! ಬಾಗಿಲು ತಲುಪಿದ್ದವರು ತಿರುಗಿ ನೋಡಿದರು. ಇನ್ನೊಂದು ಒತ್ತಿದೆ. ಮಂಗಳ! ಪುನಃ ಕೈಮುಗಿದು ಪುನಃ ಸುತ್ತು ಬಂದರು. ಮತ್ತೊಂದು ಒತ್ತಿದೆ. ಚೆಂಡೆ!

"ಎಂತ ಇದು, ಆಟ ಮುಗಿಯಿತಾ, ಪುನಃ ಸುರುವಾಯಿತಾ?" ಎಂದು ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತು ಜೋರಾಗಿ ಕೇಳಿದರು.

ಕೊನೆಗೆ ಶೇಖರಣ್ಣ, "ನನ್ನ ಟಿವಿ! ನನ್ನ ಟಿವಿ!" ಎನ್ನುತ್ತಾ ಬಂದು ಪ್ಲಗ್ಗನ್ನು ಕಿತ್ತರು. ಸಭಾಂಗಣ ನಿಶ್ಶಬ್ದವಾಯಿತು. ಅಲ್ಲಿ ಉಳಿದವರು ಪ್ರಿನ್ಸಿಪಾಲರು, ನಾನು, ಶೇಖರಣ್ಣ, ಟಿವಿ. ಮತ್ತೆ ಶೇಖರಣ್ಣನ ಅತ್ತೆ. ಅವರು ಅಳಿಯನಿಗಾಗಿ ಕಾಯುತ್ತಿದ್ದರು.

ಶೆಟ್ರ ಕುರ್ಚಿ ಖಾಲಿ ಇತ್ತು.

ನಾವು ಹಿಂದಿನ ಅಂಗಳಕ್ಕೆ ಓಡಿದೆವು. ಶೆಟ್ರು ಎಲ್ಲರ ಜೊತೆ ಸಾಲಿನಲ್ಲಿ ನಿಂತು, ಪಂಚಕಜ್ಜಾಯ ತೆಗೆದುಕೊಳ್ಳುವ ಭಕ್ತಿಯಿಂದ ಎಡಗೈಯ ಮೇಲೆ ಬಲಗೈ ಇಟ್ಟು ಗೋಳಿಬಜೆ ಸ್ವೀಕರಿಸುತ್ತಿದ್ದರು.

"ಶೆಟ್ರೆ, ಭಾಷಣ!" ಎಂದು ಪ್ರಿನ್ಸಿಪಾಲರು ಏದುಸಿರು ಬಿಟ್ಟರು. "ತಾವು ಏನೋ ಘೋಷಣೆ ಮಾಡುವುದು ಅಂತ..."

"ಮಂಗಳ ಆಯ್ತಲ್ಲ?" ಎಂದರು ಶೆಟ್ರು ಆಶ್ಚರ್ಯದಿಂದ. "ಮಂಗಳ ಆದ ಮೇಲೆ ಮಾತನಾಡ್ಲಿಕ್ಕೆ ಉಂಟಾ? ಸಣ್ಣದಿರುವಾಗ ಕಾಪುವಿನಲ್ಲಿ ಭಜನೆಗೆ ಹೋಗಿ ಬೆಳೆದವ ನಾನು. ಮುಗಿದದ್ದನ್ನು ಪುನಃ ಸುರು ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ, ಒಳ್ಳೆಯದಲ್ಲ."

ಪ್ರಿನ್ಸಿಪಾಲರು ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಇದು ಮಕ್ಕಳೂ ಓದಬಹುದಾದ ಬರಹ.

ಶೆಟ್ರು ಗೋಳಿಬಜೆ ಜಗಿಯುತ್ತಾ ನನ್ನ ಕಡೆ ತಿರುಗಿದರು. "ಆದ್ರೆ ಒಂದು ಮಾತು ಮಾಷ್ಟ್ರೆ. ಆ ಯಂತ್ರಕ್ಕೆ ಮಂಗಳ ಕಲಿಸಿದ್ದು ಯಾರು?"

ನನ್ನ ಎದೆಯಲ್ಲಿ ಆಸೆ ಮತ್ತೆ ಚಿಗುರಿತು. ಒಂದು ಹೆಜ್ಜೆ ಮುಂದೆ ಬಂದೆ. "ನಾನೇ! ಅಂದರೆ, ಪ್ರೋಗ್ರಾಮು ನನ್ನದು. ಸ್ವರ ಹೇಳಿಕೊಟ್ಟದ್ದು ನನ್ನ ಹೆಂಡತಿ."

"ಎಲ್ಲಿದ್ದಾರೆ ಅವರು?"

ಸುಮತಿ ಹೆಂಗಸರ ಸಾಲಿನಲ್ಲಿ, ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತಿದ್ದಳು. ನಗುವೋ ನಾಚಿಕೆಯೋ ದೂರದಿಂದ ತಿಳಿಯಲಿಲ್ಲ. ಹತ್ತಿರ ಬಂದ ಮೇಲೆ ತಿಳಿಯಿತು, ನಗು.

"ಅಮ್ಮಾ," ಎಂದರು ಶೆಟ್ರು, "ಮೂಗು ಕಟ್ಟಿದ ಆ ಡಬ್ಬಿಗೆ ಇಷ್ಟು ಚಂದ ಕಲಿಸಿದವರು ನೀವು, ಮಕ್ಕಳಿಗೆ ಎಷ್ಟು ಚಂದ ಕಲಿಸ್ಲಿಕ್ಕಿಲ್ಲ! ಇಲ್ಲಿ ಸಂಗೀತ ಕ್ಲಾಸು ಉಂಟಾ?"

"ಇಲ್ಲ," ಎಂದಳು ಸುಮತಿ. "ಕೋಣೆ ಇಲ್ಲ. ಹಾರ್ಮೋನಿಯಮ್ಮೂ ಸರಿ ಇಲ್ಲ."

"ಉಂಟು ಅಂತ ತಿಳ್ಕೊಳ್ಳಿ."

ಮಂಗಳದ ನಂತರ ವೇದಿಕೆ ಹತ್ತದ ಶೆಟ್ರಿಗೆ ಗೋಳಿಬಜೆಯ ಸಾಲಿನಲ್ಲಿ ನಿಂತು ಕೊಡುಗೆ ಕೊಡಲು ಯಾವ ಅಡ್ಡಿಯೂ ಇರಲಿಲ್ಲ. ಹಾಗಾದರೆ ಕಂಪ್ಯೂಟರನ್ನೂ ಇಲ್ಲಿಯೇ ಕೊಡಬಹುದಲ್ಲ ಎಂದು ನಾನು ಬಾಯಿ ತೆರೆದೆ. ಪ್ರಿನ್ಸಿಪಾಲರು ನನ್ನ ಕಾಲು ತುಳಿದರು. ಹೊಸ ಚಪ್ಪಲಿ ಕಿತ್ತುಹೋಯಿತು.

ಮುಂದಿನ ವರ್ಷ ಕಾಲೇಜಿನಲ್ಲಿ ಸಂಗೀತದ ಕೋಣೆ ಸಿದ್ಧವಾಯಿತು. ಕಿಟಕಿಗೆ ಪರದೆ ಬಂತು. ತಲೆಯ ಮೇಲೆ ಫ್ಯಾನು ಬಂತು. ಎಲ್ಲ ಮನೆಗಳೂ ಮೇಲೆ ಬರುವ ಹೊಸ ಹಾರ್ಮೋನಿಯಮ್ ಬಂತು. ಬಾಗಿಲಲ್ಲಿ ಫಲಕವೂ ಬಂತು: ಮುಖ್ಯಸ್ಥೆ, ಸಂಗೀತ ವಿಭಾಗ. ಒಳಗೆ ಹೋಗುವವರು ಚಪ್ಪಲಿ ಹೊರಗಿಡಬೇಕು. ಸಂಬಳದ ದಿನ ಮಾತ್ರ ನನಗೆ ಒಳಗೆ ಪ್ರವೇಶ, ಅದೂ ಅವಳನ್ನು ಮನೆಗೆ ಕರೆದೊಯ್ಯಲು. ಕುವೈಟಿನ ಯಂತ್ರ ಪ್ರಿನ್ಸಿಪಾಲರ ಭಾವನ ಮನೆಗೆ ವಾಪಸಾಯಿತು. ಶೇಖರಣ್ಣನ ಅತ್ತೆ ಮಾತ್ರ ವಾಪಸಾಗಲಿಲ್ಲ. ಅಳಿಯನ ಮಾತನ್ನು ಕಿವಿಯಾರೆ ಕೇಳಿದ ಮೇಲೆ ಅವರು ಇಲ್ಲಿಯೇ ಉಳಿಯುವುದೆಂದು ನಿಶ್ಚಯಿಸಿದರು.

ನಾನು ಲಾಗರಿದಮ್ಮಿಗೆ ಮರಳಿದೆ. ನನ್ನ ಕೊನೆಯ ಪೀರಿಯಡ್ ಸಂಗೀತದ ಕೋಣೆಯ ಪಕ್ಕದಲ್ಲೇ. ನಡುವಿನ ಗೋಡೆ ಸೂರಿನವರೆಗೆ ಮುಟ್ಟುವುದಿಲ್ಲ. ನಾನು ಬೋರ್ಡಿನ ಮೇಲೆ ಲೆಕ್ಕವನ್ನು ಇನ್ನೇನು ಉತ್ತರಕ್ಕೆ ತರಬೇಕು, ಅಷ್ಟರಲ್ಲಿ ಆಚೆಯಿಂದ ಸುಮತಿಯ ಹುಡುಗಿಯರು ಪಾಠ ಮುಗಿಸಿ ಮಂಗಳ ಹಾಡುತ್ತಾರೆ. ಗಮಕ ಸಹಿತ, ಶೀತವಿಲ್ಲದೆ. ಗಂಟೆ ಹೊಡೆಯಲು ಇನ್ನೂ ಹೊತ್ತಿರುತ್ತದೆ. ಆದರೂ ನನ್ನ ಇಡೀ ತರಗತಿ ಎದ್ದು ನಿಂತು, ಪುಸ್ತಕ ಎತ್ತಿಕೊಂಡು ಹೊರಡುತ್ತದೆ.

ಮೊದಮೊದಲು ನಾನು, "ಕುಳಿತುಕೊಳ್ಳಿ! ಉತ್ತರ ಬಾಕಿ ಉಂಟು!" ಎಂದು ಕೂಗುತ್ತಿದ್ದೆ. ಒಂದು ದಿನ ಹಾಗೆ ಕೂಗುವಾಗ ನೋಡುತ್ತೇನೆ, ನನ್ನದೇ ಕೈಗಳು ಸೀಮೆಸುಣ್ಣದ ಸಮೇತ ಜೋಡಿಸಿಕೊಂಡಿದ್ದವು, ನಾನು ಆಗಲೇ ಅರ್ಧ ಸುತ್ತು ತಿರುಗಿ ಆಗಿತ್ತು!